ಶಸ್ತ್ರಚಿಕಿತ್ಸೋತ್ತರ ಕದಿರುಕೋಶ ಗಂಟು

ಮೂತ್ರಕೋಶ, ಪ್ರಾಸ್ಟೇಟ್, ಯೋನಿ ಮೊದಲಾದ ಅಂಗಗಳಲ್ಲಿ ಶಸ್ತ್ರಚಿಕಿತ್ಸೆ ನಡೆದ ಕೆಲವು ವಾರ ಅಥವಾ ತಿಂಗಳುಗಳೊಳಗೆ ಕೊಯ್ದ ಜಾಗದಲ್ಲಿಯೇ ಕಾಣಿಸಿಕೊಳ್ಳುವ, ಕ್ಯಾನ್ಸರನ್ನು ಹೋಲುವ ಆದರೆ ಕ್ಯಾನ್ಸರ್ ಅಲ್ಲದ ಬೆಳವಣಿಗೆ. ನಡು ಉಬ್ಬಿ ಎರಡೂ ತುದಿ ಮೊನಚಾದ, ಕದಿರಿನ ಆಕಾರದ ಜೀವಕೋಶಗಳು ಇದರಲ್ಲಿ ದಟ್ಟವಾಗಿ ಹೆಣೆದುಕೊಂಡಿರುತ್ತವೆ.

ದೇಹಕ್ಕೆ ಬಿದ್ದ ಪೆಟ್ಟು ಮಾಯುವಾಗ ಗಡ್ಡೆಯ ರೂಪ ತಾಳಬಹುದೆಂಬ ಅರಿವು ಈ ಗಂಟನ್ನು ಗುರುತಿಸಿದ್ದಕ್ಕಿಂತ ಹಳೆಯದು. ಸ್ತನದ ಕೊಬ್ಬು ಪೆಟ್ಟಿನಿಂದ ಸತ್ತು ಗಟ್ಟಿಯಾದಾಗ ಅದು ಕ್ಯಾನ್ಸರಿನಂತೆಯೇ ಕೈಗೆ ಸಿಗುತ್ತದೆಂದು ಬರ್ಟನ್ ಲೀ ಮತ್ತು ಫ್ರಾಂಕ್ ಅಡೇರ್ 1920ರಲ್ಲಿಯೇ ಬರೆದಿದ್ದರು. ಆದರೆ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಬೆಳೆಯುವ ಈ ಗಂಟಿಗೆ ಪ್ರತ್ಯೇಕ ಗುರುತು ದೊರೆತದ್ದು 1984ರಲ್ಲಿ. ಕಾರ್ಲ್ ಪ್ರಾಪ್, ರಾಬರ್ಟ್ ಸ್ಕಲ್ಲಿ ಮತ್ತು ಹುವಾನ್ ರೋಸೈ ಎಂಬ ರೋಗಶಾಸ್ತ್ರಜ್ಞರು ಮೂತ್ರ ಹಾಗೂ ಜನನಾಂಗಗಳಲ್ಲಿ ಕಂಡ ಇಂತಹ ಎಂಟು ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು.

ಗೊಂದಲಕ್ಕೆ ಕಾರಣ ಸೂಕ್ಷ್ಮದರ್ಶಕದಲ್ಲಿಯೇ ಇದೆ. ವಿಭಜನೆಗೊಳ್ಳುತ್ತಿರುವ ಜೀವಕೋಶಗಳು ಹೇರಳವಾಗಿದ್ದು, ಅವು ಸುತ್ತಲಿನ ಅಂಗಾಂಶದೊಳಕ್ಕೂ ಚಾಚಿಕೊಂಡಿರುವುದರಿಂದ, ಸ್ನಾಯು, ಕೊಬ್ಬು ಮುಂತಾದ ಅಂಗಾಂಶಗಳ ಕ್ಯಾನ್ಸರ್ ಆದ ಸಾರ್ಕೋಮಾದ ಚಿತ್ರವೇ ಎದುರಾಗುತ್ತದೆ. ಆದರೆ ಗಮನವಿಟ್ಟು ನೋಡಿದರೆ ಕೋಶಕೇಂದ್ರಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ, ವಿಭಜನೆ ಚುರುಕಾಗಿದ್ದರೂ ವಿಕೃತವಾಗಿರುವುದಿಲ್ಲ, ಜೊತೆಗೆ ಮಾಯುವ ಗಾಯದಲ್ಲಿ ಕಾಣುವ ಸೂಕ್ಷ್ಮ ರಕ್ತನಾಳಗಳೂ ಉರಿಯೂತದ ಕೋಶಗಳೂ ಇರುತ್ತವೆ. ಕೆರಾಟಿನ್ ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣದ ಪರೀಕ್ಷೆಯೂ ಕೆಲವು ಗಂಟುಗಳಲ್ಲಿ ಧನಾತ್ಮಕವಾಗಿ ಬರುವುದರಿಂದ, ಸಾರ್ಕೋಮಾವನ್ನು ಹೋಲುವ ಕಾರ್ಸಿನೋಮಾ (ಅಂಗಗಳ ಹೊದಿಕೆ ಕೋಶಗಳ ಕ್ಯಾನ್ಸರ್) ಎಂದು ಭಾವಿಸುವ ಇನ್ನೊಂದು ಅಪಾಯವೂ ಉಂಟು.

ಹೀಗಾಗಿ ಬಯಾಪ್ಸಿಯ ಜೊತೆ ಹೋಗುವ ಕೋರಿಕೆ ಚೀಟಿಯಲ್ಲಿ ಹಿಂದಿನ ಶಸ್ತ್ರಚಿಕಿತ್ಸೆಯ ಹೆಸರು ಮತ್ತು ದಿನಾಂಕ ಇರುವುದು ಯಾವ ದುಬಾರಿ ಪರೀಕ್ಷೆಗೂ ಕಡಿಮೆಯಲ್ಲದ ಮಹತ್ವದ್ದು. ಆ ಒಂದು ಸಾಲು ಬಿಟ್ಟುಹೋದರೆ, ಗಂಟನ್ನಷ್ಟೇ ತೆಗೆದು ನಿಗಾ ಇಟ್ಟರೆ ಸಾಕಾಗುತ್ತಿದ್ದ ರೋಗಿಗೆ ಇಡೀ ಮೂತ್ರಕೋಶವನ್ನೇ ತೆಗೆಯುವ ಸಲಹೆ ಸಿಗಬಹುದು; ಅಂತಹ ನಷ್ಟವನ್ನು ಮುಂದೆ ಸರಿಪಡಿಸಲಾಗದು.

ಇದೇ ರೂಪದ ಬೆಳವಣಿಗೆಗಳು ಶಸ್ತ್ರಚಿಕಿತ್ಸೆಯೇ ನಡೆಯದ ಮೂತ್ರಕೋಶದಲ್ಲಿಯೂ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಹಲವಕ್ಕೆ ಎಎಲ್‌ಕೆ ಎಂಬ ಜೀನಿನ ಮರುಜೋಡಣೆ ಕಾರಣವೆಂದು ತಿಳಿದ ಮೇಲೆ, ಅವನ್ನು ಗಾಯದ ಪ್ರತಿಕ್ರಿಯೆ ಎನ್ನದೆ ಉರಿಯೂತದ ಮಯೋಫೈಬ್ರೊಬ್ಲಾಸ್ಟ್ ಗಡ್ಡೆ ಎಂಬ ನಿಜವಾದ ಗಡ್ಡೆಗಳ ಗುಂಪಿಗೆ ಸೇರಿಸಲಾಗುತ್ತಿದೆ. ಶಸ್ತ್ರಚಿಕಿತ್ಸೋತ್ತರ ಗಂಟೂ ಅದರದೇ ಒಂದು ಬಗೆ ಎಂದು ಕೆಲವರೂ, ಬೇರೆಯೇ ಎಂದು ಉಳಿದವರೂ ವಾದಿಸುತ್ತಾರೆ. ಆ ಗಡ್ಡೆ ಮರುಕಳಿಸುವ ಸಾಧ್ಯತೆ ಇರುವುದರಿಂದ, ಗಂಟು ತೆಗೆದ ಬಳಿಕವೂ ಸಿಸ್ಟೋಸ್ಕೋಪಿಯ, ಅಂದರೆ ಒಳಗೆ ನಳಿಕೆ ತೂರಿಸಿ ನೋಡುವ ವಿಧಾನದ ಮೂಲಕ ಮೂತ್ರಕೋಶವನ್ನು ಆಗಾಗ ಪರೀಕ್ಷಿಸುವ ರೂಢಿಯಿದೆ.