ಟ್ಯಾಂಕ್ ಮಾದರಿ ಕಿಟ್‌ಗಳ ತಿದ್ದುಪಡಿ

ಟ್ಯಾಂಕ್ ಮಾದರಿ ಕಿಟ್‌ಗಳ ತಿದ್ದುಪಡಿ ಎಂದರೆ ಪ್ಲಾಸ್ಟಿಕ್ ಬಿಡಿಭಾಗಗಳಿಂದ ಜೋಡಿಸುವ ಯುದ್ಧ ಟ್ಯಾಂಕಿನ ಕಿರುಮಾದರಿಯಲ್ಲಿ ಮೂಲ ವಾಹನಕ್ಕೆ ಹೊಂದದ ಅಳತೆ, ಆಕಾರ ಹಾಗೂ ವಿವರಗಳನ್ನು ಸರಿಪಡಿಸುವ ಕೆಲಸ. ಇದಕ್ಕಾಗಿ ಕಿಟ್ ತಯಾರಿಸಿದ ಸಂಸ್ಥೆಯಲ್ಲದೆ ಬೇರೆ ಸಂಸ್ಥೆಗಳು ಪ್ರತ್ಯೇಕವಾಗಿ ಮಾರುವ ಭಾಗಗಳನ್ನು ಬಳಸಲಾಗುತ್ತದೆ. ಇವುಗಳನ್ನು ಆಫ್ಟರ್‌ಮಾರ್ಕೆಟ್ ಭಾಗಗಳು ಎಂದು ಕರೆಯುತ್ತಾರೆ. ಹವ್ಯಾಸಿಗಳು ಸ್ವತಃ ಪ್ಲಾಸ್ಟಿಕ್ ಹಾಳೆ, ತಂತಿ ಮತ್ತು ಪುಟ್ಟಿಯಿಂದಲೂ ಭಾಗಗಳನ್ನು ತಯಾರಿಸಿಕೊಳ್ಳುತ್ತಾರೆ.

ಹಿನ್ನೆಲೆ

ಟ್ಯಾಂಕ್ ಮಾದರಿಗಳಲ್ಲಿ ಹೆಚ್ಚು ಪ್ರಚಲಿತವಾದ ಅನುಪಾತ 1:35. ಜಪಾನಿನ ತಮಿಯಾ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಹೊರತಂದ ಪ್ಯಾಂಥರ್ ಟ್ಯಾಂಕಿನ ಕಿಟ್‌ನಿಂದ ಈ ಅನುಪಾತ ರೂಢಿಗೆ ಬಂತು. ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸುವಂತೆ ಗಾತ್ರವನ್ನು ನಿಗದಿಪಡಿಸಿದ್ದರಿಂದ ಈ ಸಂಖ್ಯೆ ಬಂತೇ ಹೊರತು ಬೇರೆ ಯಾವ ಲೆಕ್ಕಾಚಾರದಿಂದಲೂ ಅಲ್ಲ. ಆ ಕಾಲದ ಮೋಟಾರು ಕಿಟ್‌ಗಳು ಆಟಿಕೆಯೂ ಆಗಿದ್ದವು. ಯಂತ್ರಕ್ಕೆ ಜಾಗ ಮಾಡಿಕೊಡಲು ಹಲವು ಕಿಟ್‌ಗಳಲ್ಲಿ ಒಡಲಿನ ಅಳತೆಯನ್ನು ಬದಲಿಸಲಾಗಿತ್ತು, ತಳದಲ್ಲಿ ರಂಧ್ರಗಳನ್ನು ಬಿಡಲಾಗಿತ್ತು. ಅಂತಹ ಅಚ್ಚುಗಳಲ್ಲಿ ಕೆಲವು ದಶಕಗಳ ಕಾಲ ಮಾರಾಟದಲ್ಲಿ ಉಳಿದುದರಿಂದ ತಿದ್ದುಪಡಿ ಭಾಗಗಳಿಗೆ ಬೇಡಿಕೆ ಹುಟ್ಟಿತು. ಜೆಕ್ ದೇಶದ ಎಡ್ವಾರ್ಡ್ (ಸ್ಥಾಪನೆ 1989), ಪೋಲೆಂಡಿನ ಆಬೆರ್, ಫ್ರಿಯುಲ್‌ಮಾಡೆಲ್ ಮೊದಲಾದವು ಈ ಕ್ಷೇತ್ರದ ಪರಿಚಿತ ಹೆಸರುಗಳು.

ದೋಷಗಳ ವಿಧಗಳು

ಕಿಟ್‌ಗಳ ದೋಷಗಳನ್ನು ಸ್ಥೂಲವಾಗಿ ಮೂರು ವಿಧಗಳಾಗಿ ವಿಂಗಡಿಸಬಹುದು.

1. ಅಳತೆ ಮತ್ತು ಆಕಾರದ ದೋಷ: ಒಡಲಿನ ಅಗಲ, ಚಕ್ರಗಳ ವ್ಯಾಸ, ಗೋಪುರದ ಬಾಗು ಮೂಲಕ್ಕೆ ಹೊಂದದಿರುವುದು. 1:35 ಅನುಪಾತದಲ್ಲಿ 1 ಮಿ.ಮೀ. ವ್ಯತ್ಯಾಸವು ನಿಜವಾದ ವಾಹನದಲ್ಲಿ 35 ಮಿ.ಮೀ. ಆಗುತ್ತದೆ.

2. ದಪ್ಪದ ದೋಷ: ಅಚ್ಚಿನಲ್ಲಿ ಎರಕವಾಗುವ ಪ್ಲಾಸ್ಟಿಕ್ ತೀರಾ ತೆಳುವಾಗಿರಲಾರದು. 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಮಡ್‌ಗಾರ್ಡ್ ನಿಜಪ್ರಮಾಣದಲ್ಲಿ 35 ಮಿ.ಮೀ. ದಪ್ಪದ ಕವಚದಂತೆ ಕಾಣುತ್ತದೆ. ಇದು ತಯಾರಿಕಾ ವಿಧಾನದ ಮಿತಿಯಾದುದರಿಂದ ಉತ್ತಮ ಕಿಟ್‌ಗಳಲ್ಲಿಯೂ ಕಂಡುಬರುತ್ತದೆ.

3. ಗುರುತಿನ ದೋಷ: ಭಾಗಗಳೆಲ್ಲ ಸರಿಯಾಗಿದ್ದರೂ ಅವು ಬೇರೆ ಉಪಮಾದರಿಗೆ, ಬೇರೆ ಕಾಲಕ್ಕೆ ಅಥವಾ ಬೇರೆ ದೇಶದ ಸೇನೆಗೆ ಸೇರಿರುವುದು. ಮಾದರಿಯು ಯಾವ ವಾಹನವೆಂದು ಹೇಳಿಕೊಳ್ಳುತ್ತದೆಯೋ ಅದಾಗಿರುವುದಿಲ್ಲವಾದ್ದರಿಂದ ಮೂರರಲ್ಲಿ ಇದು ಹೆಚ್ಚು ಗಂಭೀರವಾದುದು.

ಬದಲಿ ಭಾಗಗಳು

ಲೋಹದ ತಗಡಿನ ಭಾಗಗಳು: ತೆಳುವಾದ ಹಿತ್ತಾಳೆ ತಗಡಿನ ಮೇಲೆ ಛಾಯಾಚಿತ್ರ ವಿಧಾನದಿಂದ ಆಕೃತಿ ಮೂಡಿಸಿ, ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸಿ ಇವುಗಳನ್ನು ತಯಾರಿಸುತ್ತಾರೆ. ಇವುಗಳಿಗೆ ಫೋಟೋ-ಎಚ್ ಎಂಬ ಹೆಸರಿದೆ. 0.15 ಮಿ.ಮೀ. ತಗಡು ನಿಜಪ್ರಮಾಣದಲ್ಲಿ ಸುಮಾರು 5 ಮಿ.ಮೀ. ಆಗುವುದರಿಂದ ಮಡ್‌ಗಾರ್ಡ್, ಎಂಜಿನ್ ಜಾಲರಿ, ಕೊಂಡಿಗಳಿಗೆ ಇದು ಸೂಕ್ತ.

ರೆಸಿನ್ ಭಾಗಗಳು: ಸಿಲಿಕೋನ್ ಅಚ್ಚಿನಲ್ಲಿ ಪಾಲಿಯುರೆಥೇನ್ ರೆಸಿನ್ ಎರೆದು ತಯಾರಿಸುವ ಭಾಗಗಳಿವು. ಗೋಪುರ, ಚಕ್ರ ಮೊದಲಾದ ದಪ್ಪ ಭಾಗಗಳ ಆಕಾರವನ್ನು ತಿದ್ದಲು ಬಳಕೆಯಾಗುತ್ತವೆ. ಇತ್ತೀಚೆಗೆ 3ಡಿ ಮುದ್ರಣದಿಂದಲೂ ಇಂತಹ ಭಾಗಗಳು ಬರುತ್ತಿವೆ.

ಫಿರಂಗಿ ನಳಿಗೆ: ಹಳೆಯ ಕಿಟ್‌ಗಳಲ್ಲಿ ನಳಿಗೆಯು ಉದ್ದಕ್ಕೆ ಸೀಳಿದ ಎರಡು ಹೋಳುಗಳಾಗಿ ಬರುತ್ತದೆ. ಹೋಳುಗಳನ್ನು ಅಂಟಿಸಿ ಉಜ್ಜುವಾಗ ದುಂಡುತನ ಕೆಡುತ್ತದೆ. ಕಡೆದ ಅಲ್ಯೂಮಿನಿಯಂ ನಳಿಗೆ ಇದಕ್ಕೆ ಪರಿಹಾರ.

ಟ್ರ್ಯಾಕ್: ಅಖಂಡ ರಬ್ಬರಿನಂತಹ ಪಟ್ಟಿಯ ಬದಲು ಒಂದೊಂದೇ ಕೊಂಡಿಯಾಗಿ ಜೋಡಿಸುವ ಪ್ಲಾಸ್ಟಿಕ್ ಅಥವಾ ಲೋಹದ ಸರಪಳಿಗಳು ದೊರೆಯುತ್ತವೆ. ಲೋಹದ ಸರಪಳಿಯು ತನ್ನ ಭಾರದಿಂದಲೇ ನಿಜವಾದ ಟ್ರ್ಯಾಕಿನಂತೆ ಜೋತುಬೀಳುತ್ತದೆ.

ಉದಾಹರಣೆ: ಭಾರತೀಯ ಸೇನೆಯ ಟಿ-55

ಸೋವಿಯತ್ ಒಕ್ಕೂಟದಲ್ಲಿ 1958ರಿಂದ ತಯಾರಾದ ಟಿ-55, ಅದಕ್ಕೂ ಹಿಂದಿನ ಟಿ-54ರ ಸುಧಾರಿತ ರೂಪ. ಭಾರತವು ಎರಡನ್ನೂ ಬಳಸಿತು. ಟಿ-54ಎ ಆಧರಿಸಿ ಚೀನಾ ತಯಾರಿಸಿದ ಟೈಪ್ 59 ಪಾಕಿಸ್ತಾನದ ಬಳಿ ಇತ್ತು. ಹೀಗಾಗಿ 1971ರ ಯುದ್ಧದಲ್ಲಿ ಛಂಬ್ ಮೊದಲಾದ ಕಡೆ ಒಂದೇ ಕುಲದ ಟ್ಯಾಂಕುಗಳು ಎದುರಾಳಿಗಳಾಗಿ ನಿಂತವು. ದೂರದಿಂದ ಅವುಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವಾಗಿತ್ತು. ತಮ್ಮವರ ಗುಂಡಿಗೆ ತಮ್ಮವರೇ ಬಲಿಯಾಗದಿರಲೆಂದು ಭಾರತೀಯ ಟ್ಯಾಂಕುಗಳ ನಳಿಗೆಯ ನಡುವೆ ಒಂದು ಹುಸಿ ಉಬ್ಬನ್ನು ಅಳವಡಿಸಲಾಯಿತು. ಗುಂಡು ಹಾರಿದ ನಂತರ ನಳಿಗೆಯೊಳಗಿನ ಹೊಗೆಯನ್ನು ಹೊರಹಾಕುವ ಉಬ್ಬು ಈ ಕುಲದ 100 ಮಿ.ಮೀ. ಫಿರಂಗಿಯಲ್ಲಿ ತುದಿಗೆ ಇರುತ್ತದೆ. ಬ್ರಿಟಿಷ್ ವಿನ್ಯಾಸದ 105 ಮಿ.ಮೀ. ಫಿರಂಗಿಯಲ್ಲಿ ಅದು ನಡುಭಾಗದಲ್ಲಿರುತ್ತದೆ. ಹುಸಿ ಉಬ್ಬಿನಿಂದಾಗಿ ಟ್ಯಾಂಕಿನ ನೆರಳುರೂಪ ಬದಲಾಗುತ್ತಿತ್ತು.

ಮಾದರಿಕಾರನ ದೃಷ್ಟಿಯಿಂದ ಇದರ ಅರ್ಥ ಸ್ಪಷ್ಟ. ಎಷ್ಟೇ ನಿಖರವಾದ ಕಿಟ್ ಆದರೂ, ದುಬಾರಿ ತಗಡಿನ ಭಾಗಗಳನ್ನು ಎಷ್ಟೇ ಸೇರಿಸಿದರೂ, ಈ ಉಬ್ಬಿಲ್ಲದೆ ಅದು 1971ರ ಆ ಭಾರತೀಯ ಟ್ಯಾಂಕ್ ಆಗಲಾರದು. ಉಬ್ಬನ್ನಾದರೋ ನಳಿಗೆಗೆ ಸುತ್ತಿದ ಕಾಗದ ಅಥವಾ ಪ್ಲಾಸ್ಟಿಕ್ ಕೊಳವೆಯ ತುಂಡಿನಿಂದ ಮನೆಯಲ್ಲೇ ಮಾಡಬಹುದು. ಅದರ ಸ್ಥಾನ ಮತ್ತು ಉದ್ದವನ್ನು ಆ ಕಾಲದ ಛಾಯಾಚಿತ್ರಗಳಿಂದ ನಿರ್ಧರಿಸಬೇಕು.

ಈ ಟ್ಯಾಂಕಿನ ಕಿಟ್‌ನಲ್ಲಿ ಪರಿಶೀಲಿಸಬೇಕಾದ ಇತರ ಅಂಶಗಳು:

• ಒಡಲಿನ ಅಗಲ ಸುಮಾರು 3.27 ಮೀ.; 1:35ರಲ್ಲಿ 93.4 ಮಿ.ಮೀ.
• ಚಕ್ರದ ವ್ಯಾಸ 810 ಮಿ.ಮೀ.; 1:35ರಲ್ಲಿ 23.1 ಮಿ.ಮೀ.
• ಟ್ರ್ಯಾಕಿನ ಅಗಲ 580 ಮಿ.ಮೀ.; 1:35ರಲ್ಲಿ 16.6 ಮಿ.ಮೀ.
• ಪ್ರತಿ ಬದಿಯ ಐದು ಚಕ್ರಗಳಲ್ಲಿ ಮೊದಲ ಮತ್ತು ಎರಡನೆಯ ಚಕ್ರಗಳ ನಡುವೆ ಮಾತ್ರ ಎದ್ದುಕಾಣುವ ಅಂತರವಿರಬೇಕು.
• ಟಿ-54ರ ಗೋಪುರದ ಮೇಲಿರುವ ಗುಮ್ಮಟಾಕಾರದ ಗಾಳಿಕಿಂಡಿ ಟಿ-55ರಲ್ಲಿ ಇಲ್ಲ.
• ಟಿ-55ಎ ಉಪಮಾದರಿಯಲ್ಲಿ ಮುಚ್ಚಳಗಳ ಸುತ್ತ ವಿಕಿರಣ ತಡೆಯುವ ದಪ್ಪ ಹೊದಿಕೆ ಇರುತ್ತದೆ. ಸಾಮಾನ್ಯ ಟಿ-55ರಲ್ಲಿ ಇರುವುದಿಲ್ಲ. ತಮಿಯಾ 2002ರಲ್ಲಿ ಹೊರತಂದ ಕಿಟ್ ಟಿ-55ಎಯದು.

ಮೂಲ ವಾಹನದ ಪರಿಶೀಲನೆ

ತಿದ್ದುಪಡಿಗೆ ಉತ್ತಮ ಆಧಾರವೆಂದರೆ ಮೂಲ ವಾಹನ. ಕರ್ನಾಟಕದಲ್ಲಿ ಟಿ-55 ಟ್ಯಾಂಕೊಂದನ್ನು ಮಡಿಕೇರಿಯ ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯದ ಆವರಣದಲ್ಲಿ ನೋಡಬಹುದು. ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಅನ್ನು ಸಂಗ್ರಹಾಲಯವಾಗಿ ರೂಪಿಸಲಾಗಿದ್ದು, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಮಾರ್ಗಕ್ಕೆ ಸ್ಟುವರ್ಟ್ ಲಘು ಟ್ಯಾಂಕುಗಳನ್ನು ನುಗ್ಗಿಸಿದ ಕಾರ್ಯಾಚರಣೆ ತಿಮ್ಮಯ್ಯನವರ ನೇತೃತ್ವದಲ್ಲಿ ನಡೆದಿತ್ತು. ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಹಾದುಹೋಗುವ ಮೈಸೂರು–ಮಡಿಕೇರಿ ಹೆದ್ದಾರಿಯಿಂದ ಈ ಸ್ಥಳ ತಲುಪಬಹುದು.

ಪ್ರದರ್ಶನಕ್ಕಿಟ್ಟ ಟ್ಯಾಂಕನ್ನು ಆಧಾರವಾಗಿ ಬಳಸುವಾಗ ಎಚ್ಚರ ಅಗತ್ಯ. ಭಾರತದ ಹಲವು ಟಿ-55ಗಳಿಗೆ ಮುಂದೆ 105 ಮಿ.ಮೀ. ಫಿರಂಗಿ ಅಳವಡಿಸಲಾಯಿತು. ಸ್ಮಾರಕಗಳಲ್ಲಿ ಬಣ್ಣವನ್ನು ಹೊಸದಾಗಿ ಬಳಿದಿರುತ್ತಾರೆ, ಕೆಲವು ಬಿಡಿಭಾಗಗಳು ಇಲ್ಲದಿರಬಹುದು. ಆದ್ದರಿಂದ ಚಕ್ರ, ಒಡಲು, ಗೋಪುರದಂತಹ ಬದಲಾಗದ ಭಾಗಗಳಿಗೆ ವಾಹನವನ್ನೂ, ಫಿರಂಗಿ, ಬಣ್ಣ, ಗುರುತುಗಳಿಗೆ ಆಯಾ ಕಾಲದ ಛಾಯಾಚಿತ್ರಗಳನ್ನೂ ಅವಲಂಬಿಸುವುದು ಸೂಕ್ತ.

ಕಾರ್ಯಕ್ರಮ ಮತ್ತು ಸುರಕ್ಷತೆ

ಮೊದಲು ಯಾವ ಸೇನೆಯ, ಯಾವ ವರ್ಷದ ವಾಹನವೆಂದು ನಿಶ್ಚಯಿಸಿ, ಕಿಟ್‌ನ ಭಾಗಗಳನ್ನು ಅಂಟಿಸದೆ ಜೋಡಿಸಿ ಅಳೆಯಬೇಕು. ಬದಲಿ ಭಾಗಗಳನ್ನು ಕೊಳ್ಳುವುದು ಆ ನಂತರದ ಹಂತ. ಒಂದು ಕಿಟ್‌ಗೆಂದು ರೂಪಿಸಿದ ಭಾಗ ಇನ್ನೊಂದಕ್ಕೆ ಹೊಂದದಿರಬಹುದು. ಭಾಗಗಳ ಒಟ್ಟು ಬೆಲೆ ಕಿಟ್‌ನ ಬೆಲೆಯನ್ನು ಮೀರುವುದೂ ಉಂಟು. ಆಗ ಹೊಸ ಅಚ್ಚಿನ ಉತ್ತಮ ಕಿಟ್ ಕೊಳ್ಳುವುದೇ ಲಾಭಕರ.

ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ. ಲೋಹ ಮತ್ತು ರೆಸಿನ್‌ಗೆ ಅದು ಹಿಡಿಯುವುದಿಲ್ಲ. ಅವುಗಳಿಗೆ ಸೂಪರ್ ಗ್ಲೂ ಅಥವಾ ಎಪಾಕ್ಸಿ ಅಂಟು ಬೇಕು. ರೆಸಿನ್ ಭಾಗಗಳನ್ನು ಅಂಟಿಸುವ ಮುನ್ನ ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆಯ ಅಂಶವನ್ನು ತೆಗೆಯಬೇಕು. ರೆಸಿನ್ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದ್ದರಿಂದ ಅದನ್ನು ಒದ್ದೆಯಾದ ವಾಟರ್ ಪೇಪರಿನಿಂದ ಉಜ್ಜಬೇಕು, ಮುಖಗವಸು ಧರಿಸಬೇಕು. ತಗಡು ಕತ್ತರಿಸುವಾಗ ಚೂರುಗಳು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕದ ರಕ್ಷಣೆ ಅಗತ್ಯ.

ಮಿತಿಗಳು

ಎಲ್ಲ ದೋಷಗಳನ್ನೂ ತಿದ್ದುವುದು ಸಾಧ್ಯವಲ್ಲ, ಅಗತ್ಯವೂ ಅಲ್ಲ. ಒಡಲಿನ ಅಗಲವೇ ತಪ್ಪಾಗಿದ್ದರೆ ಉಳಿದ ಭಾಗಗಳೆಲ್ಲ ಅದನ್ನೇ ಆಧರಿಸಿರುವುದರಿಂದ ತಿದ್ದುಪಡಿ ಕಷ್ಟಸಾಧ್ಯ. ಕೆಲವೊಮ್ಮೆ ಬದಲಿ ಭಾಗಗಳಲ್ಲಿಯೂ ತಪ್ಪುಗಳಿರುತ್ತವೆ. ಅವುಗಳನ್ನೂ ಮೂಲದೊಡನೆ ಹೋಲಿಸಿ ನೋಡಿಯೇ ಬಳಸಬೇಕಾಗುತ್ತದೆ.