ಹೊಂಬಾಳೆಯಿಂದ ಬಾಟಲಿಗೆ

ಸಾವಿರ ಕಂಬದ ಬಸದಿ ನೋಡಲು ಮೂಡುಬಿದಿರೆಗೆ ಹೋದಾಗ ದಾರಿಬದಿಯ ತೆಂಗು, ತಾಳೆ ಮರಗಳತ್ತಲೂ ಕಣ್ಣು ಹಾಯಿಸಿ. ಚಿತ್ರೀಕರಣಕ್ಕೆಂದು ಶೇಂದಿ ಇಳಿಸುವ ಒಬ್ಬರನ್ನು ಹುಡುಕಲು ನಮಗೆ ಎರಡು ದಿನ ಹಿಡಿಯಿತು. ಬಾಟಲಿ ಮಾರುವ ಅಂಗಡಿಯನ್ನು ಹುಡುಕಬೇಕಾಗಲೇ ಇಲ್ಲ! ಜನರ ರುಚಿ ಬದಲಾದದ್ದೇ ಇದಕ್ಕೆ ಕಾರಣ ಎನ್ನುತ್ತೀರಾ?

ಮೊದಲು ಸ್ವಲ್ಪ ರಸಾಯನ ವಿಜ್ಞಾನ. ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿಯನ್ನು ದಿನವೂ ತೆಳುವಾಗಿ ಕೊಯ್ದರೆ ಸಿಹಿರಸ ತೊಟ್ಟಿಕ್ಕುತ್ತದೆ. ಯೀಸ್ಟ್ ಅದರ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈ ಆಕ್ಸೈಡ್ ಆಗಿಯೂ ಒಡೆಯುತ್ತದೆ. ಬೆಳಗಿನ ರಸ ಸಂಜೆಗೆ ಶೇಂದಿ, ಮರುದಿನ ಹುಳಿ, ಬಿಟ್ಟರೆ ವಿನೆಗರ್. ಮಡಕೆಯೊಳಗೆ ಸುಣ್ಣ ಬಳಿದರೆ ಹುದುಗುವುದು ತಡೆಯುತ್ತದೆ. ಆ ರಸ ಬೆಲ್ಲಕ್ಕಾಗುತ್ತದೆ. ಇಷ್ಟು ಬೇಗ ಕೆಡುವ ಶೇಂದಿ ಊರು ಬಿಟ್ಟು ದೂರ ಹೋಗಲಾರದು. ಭಟ್ಟಿ ಇಳಿಸಿದ್ದು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ, ಲಾರಿ ಹತ್ತುತ್ತದೆ. ದೊಡ್ಡ ಉದ್ಯಮಕ್ಕೆ ಬೇಕಾದದ್ದು ಇದೇ.

ಮರದಿಂದ ರಸ ಇಳಿಸುವ ಕಸುಬಿಗೆ ತುಳುನಾಡಿನಲ್ಲಿ ಮೂರ್ತೆ ಎನ್ನುತ್ತಾರೆ, ಬಹುಪಾಲು ಬಿಲ್ಲವರದು. ಬ್ರಿಟಿಷರ ಮದ್ರಾಸ್ ಸರಕಾರ ಮರ ಎಣಿಸಿ ತೆರಿಗೆ ಹಾಕಿತು. ಕುಡಿತ ಬೊಕ್ಕಸಕ್ಕೆ ವರಮಾನವಾದದ್ದು ಹಾಗೆ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ದೇವಾಲಯ ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಮದ್ಯವನ್ನು ತಯಾರಿಸುವುದೂ ಬೇಡ, ಕುಡಿಯುವುದೂ ಬೇಡ ಎಂದು ಬೋಧಿಸಿದವರು. ಹೊಟ್ಟೆಪಾಡೇ ಆ ಮರದಲ್ಲಿದ್ದವರಿಗೆ ಅದು ಎಂಥ ಕಠಿಣ ಮಾತು ಎಂದು ಯೋಚಿಸಿ. 1948ರಲ್ಲಿ ಮದ್ರಾಸ್ ಪ್ರಾಂತ್ಯವಿಡೀ ಪಾನನಿಷೇಧ ಬಂತು. ಬಳಿಕ ಅದೂ ಸಡಿಲಿತು.

ಇತ್ತ ಪಕ್ಕದ ಬಂಟ್ವಾಳ ಮೂಲದ ವಿಠಲ ಮಲ್ಯ 1947ರಲ್ಲಿ ಯುನೈಟೆಡ್ ಬ್ರೂವರೀಸ್‌ನ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ಕಂಪನಿಯ ಹಿಡಿತ 2021ರಲ್ಲಿ ಹಾಲೆಂಡಿನ ಹೈನೆಕೆನ್‌ಗೆ ಹೋಯಿತು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಕುಡಿಯುತ್ತಿದ್ದ ಅನೇಕರು ಕುಡಿತ ಬಿಡಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿಗೆ ಹೊರಳಿದರು. ಶೇಂದಿಯಲ್ಲಿ ಮದ್ಯಸಾರ ಸುಮಾರು ಶೇ. 5, ಈ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇ. 42.8. ಶೇಂದಿ ನಿರಪಾಯ ಎಂದು ನಾನು ಹೇಳುತ್ತಿಲ್ಲ. ಚಟಕ್ಕೆ ಅದೂ ಸಾಕು. ಆದರೆ ಅಂಕಿ ನೋಡಿ.

ಮುಂದೇನು? ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸುಣ್ಣದ ಬದಲು ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ರಸ ಇಳಿಸುವ ಉಪಾಯ ಕಂಡುಕೊಂಡಿದೆ. ಹುದುಗದ ಆ ಪಾನೀಯದ ಹೆಸರು ‘ಕಲ್ಪರಸ’. ಅದಕ್ಕೂ ದಿನವೂ ಮರ ಏರುವವರು ಬೇಕು. ನಮಗೆ ಸಿಕ್ಕ ಹಿರಿಯರ ಮಗ ಮಂಗಳೂರಿನಲ್ಲಿ ಬಸ್ಸು ಓಡಿಸುತ್ತಾರೆ. ಅಪ್ಪನ ಕತ್ತಿಯನ್ನು ಒಮ್ಮೆಯೂ ಹಿಡಿದವರಲ್ಲವಂತೆ.