ಡಫರಿನ್ ಹಡಗು ಮತ್ತು ನಮ್ಮ ಕರಾವಳಿ

ಕಾಸರಗೋಡಿನ ಕಡಲ ಕರೆಯ ಊರುಗಳಲ್ಲಿ ಕಪ್ಪಲಿಗೆ ಹೋದವರ ಮನೆ ಕೇಳಿದರೆ ಮಕ್ಕಳೂ ತೋರಿಸಿಕೊಡುತ್ತಾರೆ. ಕೋಟಿಕುಳಂ, ಪಾಲಕ್ಕುನ್ನು ಕಡೆಯಂತೂ ಇದಕ್ಕೇ ಹೆಸರಾಗಿದೆ. ನನ್ನ ಸೋದರಮಾವನೂ ಹೀಗೆ ಹೋದವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಹಡಗಿನಲ್ಲಿ ಹಿಂದೂಸ್ತಾನಿ ಮಾತಾಡಿಕೊಂಡು ಇಪ್ಪತ್ತಾರು ವರ್ಷ ಡೆಕ್ಕಿನ ಮೇಲೆ ದುಡಿದ. ಅವನು ಕಣ್ಣು ಮುಚ್ಚಿ ಹಾಕಲಾಗದ ಗಂಟು ಇರಲಿಲ್ಲ. ಆದರೆ ಅವನು ಆಗಾಗ ಹೇಳುತ್ತಿದ್ದ ಒಂದು ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ನಾನು ಲೋಕ ಸುತ್ತಿದ್ದೇನೆ ಮಗಾ. ಆದರೆ ನಡುಗಡಲಿನಲ್ಲಿ ಹಡಗು ಎಲ್ಲಿದೆ ಎಂದು ಒಂದು ದಿನವೂ ನನಗೆ ಗೊತ್ತಿರಲಿಲ್ಲ. ಅದು ಮೇಲಿನವರಿಗೆ ಗೊತ್ತು."

ಈ 'ಮೇಲಿನವರು' ಯಾರು, ಅವರ ವಿದ್ಯೆ ನಮ್ಮವರಿಗೆ ಯಾವಾಗ ದಕ್ಕಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಡಫರಿನ್ ಎಂಬ ಹಡಗಿನ ಕಥೆ.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 50 ಸಾವಿರ ಲಾಸ್ಕರರು, ಅಂದರೆ ಭಾರತ ಮತ್ತು ಸುತ್ತಲಿನ ಕರಾವಳಿಗಳ ನಾವಿಕರು, ದುಡಿಯುತ್ತಿದ್ದರು. ಅವರಿಗೆ ತಮ್ಮದೇ ಆದ ಮೇಲು ಕೆಳಗಿನ ವ್ಯವಸ್ಥೆಯಿತ್ತು. ಸಾರಂಗ ಮುಖ್ಯಸ್ಥ, ಅವನ ಕೈಕೆಳಗೆ ತಂಡೇಲ, ಸಾಮಾನು ನೋಡಿಕೊಳ್ಳಲು ಕಸಬ, ಅಡುಗೆಗೆ ಭಂಡಾರಿ. ನಮ್ಮ ಮೀನುಗಾರರ ದೋಣಿಯಲ್ಲಿ ತಾಂಡೇಲ ಎಂಬ ಹೆಸರು ಇಂದಿಗೂ ಉಳಿದಿದೆ. ಹಡಗಿನ ಈ ಮಿಶ್ರಭಾಷೆಯನ್ನು ಕಲಿಯದೆ ಇಂಗ್ಲಿಷ್ ಅಧಿಕಾರಿಗಳಿಗೂ ಕೆಲಸ ಸಾಗುತ್ತಿರಲಿಲ್ಲ. 1811ರಲ್ಲೇ ಥಾಮಸ್ ರೋಬಕ್ ಎಂಬವನು ಅವರಿಗಾಗಿ ನೌಕಾ ಶಬ್ದಕೋಶವೊಂದನ್ನು ಅಚ್ಚು ಹಾಕಿಸಿದ. ಆದರೆ ಸಾರಂಗನ ಮೇಲಿನ ಮೆಟ್ಟಿಲು ಲಾಸ್ಕರರಿಗೆ ಇರಲಿಲ್ಲ. ಸಂಬಳವೂ ಬಿಳಿಯ ನಾವಿಕನದಕ್ಕಿಂತ ಎಷ್ಟೋ ಕಡಿಮೆ.

ತಡೆ ಇದ್ದದ್ದು ವಿದ್ಯೆಯಲ್ಲಿ. ನಡುಹಗಲಿನಲ್ಲಿ ಸೆಕ್ಸ್‌ಟಂಟ್ ಹಿಡಿದು ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆದರೆ, ಪಂಚಾಂಗದಂಥ ಕೋಷ್ಟಕದ ಸಹಾಯದಿಂದ ಅಕ್ಷಾಂಶ ತಿಳಿಯುತ್ತದೆ. ಗ್ರೀನಿಚ್ ವೇಳೆ ತೋರಿಸುವ ಕ್ರೋನೋಮೀಟರ್ ಗಡಿಯಾರವನ್ನೂ ಸೂರ್ಯನ ಸ್ಥಾನವನ್ನೂ ಹೋಲಿಸಿದರೆ ರೇಖಾಂಶ ತಿಳಿಯುತ್ತದೆ. ಎರಡೂ ಕೂಡಿದಲ್ಲಿ ನಕ್ಷೆಯ ಮೇಲೆ ಪೆನ್ಸಿಲಿನ ಒಂದು ಚುಕ್ಕೆ. ಅದೇ ಹಡಗಿನ ಜಾಗ. ಈ ಲೆಕ್ಕ ಕಲಿಯಲು ಶಾಲೆ ಬೇಕು, ಕಲಿತ ಮೇಲೆ ಹಡಗಿನಲ್ಲಿ ಅಭ್ಯಾಸಕ್ಕೆ ಅವಕಾಶ ಬೇಕು, ಆಮೇಲೆ ಪರೀಕ್ಷೆ. ಶಾಲೆ ನಮ್ಮಲ್ಲಿ ಇರಲಿಲ್ಲ. ಅವಕಾಶ ಕೊಡಬೇಕಾದ ಹಡಗುಗಳು ಪರಕೀಯರವು.

ಹಾಗಾಗಿ ಮೊದಲು ಹಡಗುಗಳೇ ನಮ್ಮದಾಗಬೇಕಿತ್ತು. ವಿ.ಒ. ಚಿದಂಬರಂ ಪಿಳ್ಳೆಯವರು 1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪೆನಿ ಕಟ್ಟಿದರು. 1908ರಲ್ಲಿ ಅವರಿಗೆ ರಾಜದ್ರೋಹದ ಶಿಕ್ಷೆಯಾಯಿತು. ಆ ಸೆರೆವಾಸದ ಕೊನೆಯ ಭಾಗವನ್ನು ಅವರು ಕಳೆದದ್ದು ನಮ್ಮ ನೆರೆಯ ಕಣ್ಣೂರಿನ ಜೈಲಿನಲ್ಲಿ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ 'ಲಾಯಲ್ಟಿ' ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಇಂದು ನಾವು ಆಚರಿಸುವ ರಾಷ್ಟ್ರೀಯ ನೌಕಾಯಾನ ದಿನ ಅದರದೇ ನೆನಪು. 1922ರಲ್ಲಿ ಪಿ.ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರ ಶಾಸನಸಭೆಯಲ್ಲಿ ಭಾರತೀಯ ವ್ಯಾಪಾರಿ ನೌಕಾಪಡೆಯ ಪ್ರಶ್ನೆ ಎತ್ತಿದರು. ಮರುವರ್ಷ ಕ್ಯಾಪ್ಟನ್ ಹೆಡ್ಲಮ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಭಾರತೀಯ ಹುಡುಗರಿಗೆ ತರಬೇತಿ ಹಡಗೊಂದು ಬೇಕೆಂದು ಅದು ಹೇಳಿತು.

ಹೀಗೆ 1927ರಲ್ಲಿ ಬೊಂಬಾಯಿಯ ಮಜಗಾಂವ್ ಎದುರು ಲಂಗರು ಹಾಕಿ ನಿಂತಿತು 'ಡಫರಿನ್'. ಅದು 1904ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ, ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ ಹಡಗು. ಬೆಳಗಾಗುವಾಗಲೇ ಡೆಕ್ ತೊಳೆಯುವುದು, ದೋಣಿ ಹುಟ್ಟು ಹಾಕುವುದು, ಹಗ್ಗದ ಗಂಟು, ಬಾವುಟದ ಸಂಜ್ಞೆ, ಆಮೇಲೆ ಗಣಿತ ಮತ್ತು ನಕ್ಷೆ; ರಾತ್ರಿ ತೂಗುಹಾಸಿಗೆಯಲ್ಲಿ ನಿದ್ದೆ. ಮೂರು ವರ್ಷ ಹೀಗೆ ಕಲಿತ ಕ್ಯಾಡೆಟ್ ಮುಂದೆ ಕಂಪೆನಿಯ ಹಡಗಿನಲ್ಲಿ ಅಪ್ರೆಂಟಿಸನಾಗಿ ಸಮುದ್ರಕಾಲ ಪೂರೈಸಿ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಬೇಕಿತ್ತು. 1935ರಿಂದ ಎಂಜಿನಿಯರಿಂಗ್ ಕ್ಯಾಡೆಟರೂ ಬಂದರು. ಮೊದಲ ತಂಡದ ಹುಡುಗ ರಾಮದಾಸ್ ಕಟಾರಿ 1958ರಲ್ಲಿ ಭಾರತೀಯ ನೌಕಾಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಮೂವತ್ತೊಂದು ವರ್ಷಗಳ ಹಿಂದೆ ನಮ್ಮವರಿಗೆ ಹಡಗು ನಡೆಸಲು ಬಾರದು ಎನ್ನುತ್ತಿದ್ದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಆದರೂ ಬಾಗಿಲು ತೆರೆದಾಕ್ಷಣ ಎಲ್ಲರೂ ಒಳಗೆ ಹೋಗಲಾಗಲಿಲ್ಲ. ಅಲ್ಲಿ ಇಂಗ್ಲಿಷ್ ಬೇಕು, ಗಣಿತ ಬೇಕು, ಶುಲ್ಕ ಕಟ್ಟುವ ಶಕ್ತಿ ಬೇಕು. ಮಾವನಂಥವರು ಐದನೆಯ ತರಗತಿಗೆ ಶಾಲೆ ಬಿಟ್ಟು ಮಂಜಿ ಹತ್ತಿದವರು; ಮಲಯಾಳದಲ್ಲಿ ಪತ್ತೇಮಾರಿ ಎನ್ನುವುದೂ ಅಂಥದನ್ನೇ. ಅಲ್ಲಿಂದ ಅವರು ಹೋದದ್ದು ದೊಡ್ಡ ಹಡಗಿನ ಡೆಕ್ಕಿಗೆ, ನಕ್ಷೆಯ ಕೋಣೆಗಲ್ಲ.

ಅದಕ್ಕೇ ಇರಬೇಕು, ನಾನು ಆಫೀಸರನಾಗಬೇಕು ಎಂದು ಮಾವ ಹಟ ಹಿಡಿದದ್ದು. 1972ರಲ್ಲಿ ಡಫರಿನ್ನಿನ ಬದಲು 'ರಾಜೇಂದ್ರ' ಎಂಬ ಹೊಸ ತರಬೇತಿ ಹಡಗು ಬಂದಿತ್ತು. ಎರಡು ವರ್ಷಗಳ ನಂತರ ನಾನು ಅರ್ಜಿ ಹಾಕಿದೆ. ಲಿಖಿತ ಪರೀಕ್ಷೆ ದಾಟಿದೆ. ಮಂಗಳೂರಿನಿಂದ ಬಸ್ಸು ಹಿಡಿದು ಬೊಂಬಾಯಿಗೆ ಹೋದೆ. ವೈದ್ಯಕೀಯ ಪರೀಕ್ಷೆಯಲ್ಲಿ ಕತ್ತಲೆ ಕೋಣೆಯಲ್ಲಿ ಕೂರಿಸಿ ಚಿಕ್ಕ ಚಿಕ್ಕ ದೀಪಗಳನ್ನು ತೋರಿಸಿದರು. ಕೆಂಪು ಯಾವುದು, ಹಸುರು ಯಾವುದು ಎಂದು ನನಗೆ ಹೇಳಲಾಗಲಿಲ್ಲ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸುರು. ರಾತ್ರಿ ಎದುರು ಬರುವ ಹಡಗಿನ ದಿಕ್ಕು ತಿಳಿಯುವುದು ಅದರಿಂದಲೇ. ವೈದ್ಯರು ಮಾಡಿದ್ದು ಸರಿಯೇ. ಊರಿಗೆ ಬಂದು ಹೇಳಿದಾಗ ಮಾವ ಒಂದು ಮಾತೂ ಬೈಯಲಿಲ್ಲ. ಆ ರಾತ್ರಿ ಊಟ ಮಾತ್ರ ಮಾಡಲಿಲ್ಲ.

ನಾನು ಚರಿತ್ರೆಯ ಮಾಸ್ತರನಾದೆ. 1993ರಲ್ಲಿ ರಾಜೇಂದ್ರವೂ ವಿಶ್ರಾಂತಿಗೆ ಹೋಗಿ, ನವಿ ಮುಂಬಯಿಯ ನೆಲದ ಮೇಲೆ 'ಚಾಣಕ್ಯ' ಶುರುವಾಯಿತು. 2008ರಲ್ಲಿ ಭಾರತೀಯ ಸಮುದ್ರಯಾನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹಡಗಿನ ಜಾಗವನ್ನು ಈಗ ಉಪಗ್ರಹವೇ ತಿಳಿಸುತ್ತದೆ. ಆದರೂ ಕ್ಯಾಡೆಟರಿಗೆ ಸೂರ್ಯ ನಕ್ಷತ್ರಗಳ ಲೆಕ್ಕ ಕಲಿಸುವುದನ್ನು ಬಿಟ್ಟಿಲ್ಲ. ಹೆಣ್ಣುಮಕ್ಕಳೂ ಬಂದಿದ್ದಾರೆ. ಕೊಡುಂಗಲ್ಲೂರಿನ ರಾಧಿಕಾ ಮೆನನ್ ರೇಡಿಯೋ ಅಧಿಕಾರಿಯಾಗಿ ಸೇರಿ ಕ್ಯಾಪ್ಟನ್ ಆದರು. 2015ರಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ಏಳು ಮಂದಿ ಮೀನುಗಾರರನ್ನು ಉಳಿಸಿದರು.

ಮಾವ ನಿವೃತ್ತನಾದ ಮೇಲೆ ಒಂದು ಮಳೆಗಾಲ ನಾವಿಬ್ಬರೂ ನನ್ನ ಶಾಲೆಯ ಅಟ್ಲಾಸ್ ಹಿಡಿದು ಕೂತೆವು. ಅವನ ಸಿ.ಡಿ.ಸಿ. ಪುಸ್ತಕದಲ್ಲಿ ಹಡಗಿನ ಹೆಸರು, ಹತ್ತಿದ ದಿನ, ಇಳಿದ ದಿನ ಇದ್ದವು. ಉಳಿದದ್ದು ಅವನ ನೆನಪಿನಲ್ಲಿತ್ತು. ಅವನು ಬಂದರುಗಳ ಹೆಸರು ಹೇಳಿದ ಹಾಗೆ ನಾನು ಅಕ್ಷಾಂಶ ರೇಖಾಂಶ ನೋಡಿ ಚುಕ್ಕೆ ಇಟ್ಟೆ. ಕೊನೆಗೆ ಅವನು ಬೆರಳಿನಿಂದ ಚುಕ್ಕೆಗಳನ್ನು ಮುಟ್ಟುತ್ತಾ, "ಇಷ್ಟು ದೂರವಾ?" ಎಂದ.

ಡಫರಿನ್ನಿನ ಚರಿತ್ರೆ ಬರೆದಿಡಲು ಅಲ್ಲಿ ಕಲಿತವರಿದ್ದಾರೆ. ಡೆಕ್ಕಿನಲ್ಲಿ ದುಡಿದ ನಮ್ಮವರ ಚರಿತ್ರೆ ಇರುವುದು ಅವರ ಪೆಟ್ಟಿಗೆಗಳಲ್ಲಿ ಮಾತ್ರ. ಈ ಸಂಚಿಕೆಯ ಎರಡೂ ಭಾಷೆಗಳ ಓದುಗರಲ್ಲಿ ನನ್ನದೊಂದು ವಿನಂತಿ: ಮನೆಯ ಅಟ್ಟದಲ್ಲಿ ಅಜ್ಜನದೋ ಮಾವನದೋ ಹಳೆಯ ಸಿ.ಡಿ.ಸಿ. ಪುಸ್ತಕವಿದ್ದರೆ ಗೆದ್ದಲಿಗೆ ಬಿಡಬೇಡಿ. ಅವರು ಬದುಕಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಬರೆದಿಡಿ.